ಕಡಲಾಚೆಗೂ ಜೊತೆಗಿದ್ದ ವ್ರತ

ಜೈನ ಶ್ರಾವಕಾಚಾರದಲ್ಲಿ ಆಹಾರಸಂಯಮಕ್ಕೆ ಎರಡು ಮುಖಗಳಿವೆ. ಇಂಥದ್ದು ತನಗೆ ವರ್ಜ್ಯವೆಂದು ಮುಂಚಿತವಾಗಿಯೇ ಸಂಕಲ್ಪಿಸಿ ತ್ಯಜಿಸುವುದು ಪ್ರತ್ಯಾಖ್ಯಾನ. ಬಳಸಬಹುದಾದ ವಸ್ತುಗಳಿಗೂ ಮಿತಿಯನ್ನು ಹಾಕಿಕೊಳ್ಳುವುದು ಭೋಗೋಪಭೋಗ ಪರಿಮಾಣ. ತಾಯಿಯ ಅಡುಗೆಮನೆಯ ನೆರಳಿನಲ್ಲಿ ಇವೆರಡನ್ನೂ ಪಾಲಿಸುವುದು ಕಷ್ಟವಲ್ಲ. ಭಾಷೆ, ಹವೆ, ಊಟ ಎಲ್ಲವೂ ಬೇರೆಯಾದ ನಾಡಿನಲ್ಲಿ ವ್ರತವನ್ನೂ ಆರೋಗ್ಯವನ್ನೂ ಒಟ್ಟಿಗೆ ಕಾಪಾಡಿಕೊಳ್ಳುವುದು ಹೇಗೆ? ಈ ಪ್ರಶ್ನೆಯನ್ನು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿ ಉತ್ತರ ಕಂಡುಕೊಂಡವರಲ್ಲಿ ಮಹಾತ್ಮ ಗಾಂಧೀಜಿ ಪ್ರಮುಖರು. ಅವರು ಹುಟ್ಟಿನಿಂದ ಜೈನರಲ್ಲ. ಆದರೆ ಅವರ ಪರದೇಶವಾಸಕ್ಕೆ ಹೊಸ್ತಿಲಾದವರು ಒಬ್ಬ ಜೈನ ಮುನಿ.

ತಂದೆ ಕರಮಚಂದರು ತೀರಿಕೊಂಡ ಮೇಲೆ, ಮಗನನ್ನು ಬ್ಯಾರಿಸ್ಟರ್ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಕಳುಹಿಸುವ ಮಾತು ಮನೆಯಲ್ಲಿ ಬಂತು. ಅಲ್ಲಿಗೆ ಹೋದವರು ಮದ್ಯಮಾಂಸಗಳಿಗೆ ಒಗ್ಗಿಹೋಗುತ್ತಾರೆಂದು ಕೇಳಿದ್ದ ತಾಯಿ ಪುತಳೀಬಾಯಿಯವರ ಮನಸ್ಸು ಒಪ್ಪಲಿಲ್ಲ. ಆ ಮನೆಗೆ ಜೈನ ಮುನಿಗಳು ಬಂದುಹೋಗುತ್ತಿದ್ದರು, ಆಹಾರವನ್ನೂ ಸ್ವೀಕರಿಸುತ್ತಿದ್ದರು. ತಾಯಿ ಸಲಹೆ ಕೇಳಿದ್ದು ಅವರಲ್ಲೊಬ್ಬರಾದ ಬೇಚರ್‌ಜೀ ಸ್ವಾಮಿಗಳನ್ನು. ಅವರು ತರುಣನಿಗೆ ಮದ್ಯ, ಮಾಂಸ ಮತ್ತು ಪರಸ್ತ್ರೀಸಂಗಗಳನ್ನು ಮುಟ್ಟದಿರುವ ಪ್ರತಿಜ್ಞೆಯನ್ನು ವಿಧಿಪೂರ್ವಕ ಬೋಧಿಸಿದರು. ತಾಯಿ ಸಮ್ಮತಿಸಿದರು. ಸಮುದ್ರ ದಾಟುವುದು ಅಧರ್ಮವೆಂದು ಜಾತಿಯ ಮುಖಂಡರು ಬಹಿಷ್ಕಾರ ಹಾಕಿದರೂ, 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗು ಹೊರಟಿತು. ಆಗ ಗಾಂಧೀಜಿಯವರಿಗೆ ಹತ್ತೊಂಬತ್ತು ತುಂಬಿರಲಿಲ್ಲ.

ಸಂಕಟ ಹಡಗಿನಲ್ಲಿಯೇ ಆರಂಭವಾಯಿತು. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಇಂಗ್ಲಿಷಿನಲ್ಲಿ ಕೇಳಲು ಸಂಕೋಚ. ಚಾಕು, ಮುಳ್ಳುಚಮಚ ಹಿಡಿಯಲು ಬಾರದು. ಮನೆಯಿಂದ ತಂದಿದ್ದ ಸಿಹಿತಿಂಡಿ, ಹಣ್ಣುಗಳನ್ನೇ ತಮ್ಮ ಕೋಣೆಯಲ್ಲಿ ಕುಳಿತು ತಿಂದರು. ಲಂಡನ್ನಿಗೆ ಬಂದ ಮೇಲೆ ಬೆಳಗಿನ ಓಟ್ಸ್ ಗಂಜಿಯೇನೋ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನ, ರಾತ್ರಿ ಮಾತ್ರ ಬೇಯಿಸಿದ ಸೊಪ್ಪು, ಬ್ರೆಡ್ಡು, ಜಾಮ್. ಎರಡು ಮೂರು ತುಂಡಿಗಿಂತ ಹೆಚ್ಚು ಕೇಳಲು ನಾಚಿಕೆ. ಹೊತ್ತುಹೊತ್ತಿಗೆ ಹಸಿವಿನಿಂದಲೇ ಏಳಬೇಕಾಯಿತು. ಅಕ್ಷರವರಿಯದ ತಾಯಿಗೆ, ಇಲ್ಲಿಯ ಪರಿಸ್ಥಿತಿ ತಿಳಿಯದೆ ಕೊಟ್ಟ ಮಾತಿಗೆ ಬೆಲೆಯಿಲ್ಲವೆಂದು ಹಿತೈಷಿಯಾದ ಸ್ನೇಹಿತರೊಬ್ಬರು ದಿನವೂ ವಾದಿಸುತ್ತಿದ್ದರು. ಗಾಂಧೀಜಿಯವರಿಗೆ ಎದುರುವಾದ ಹೂಡಲು ಬರುತ್ತಿರಲಿಲ್ಲ. ವ್ರತವನ್ನು ಬಿಡಲೂ ಬರುತ್ತಿರಲಿಲ್ಲ. ವ್ರತದ ಒಂದು ಉಪಕಾರವೇ ಇದು. ಮನಸ್ಸು ದಣಿದಾಗ ನಿರ್ಧರಿಸಬೇಕಾದುದನ್ನು ಅದು ಮನಸ್ಸು ತಿಳಿಯಾಗಿದ್ದಾಗಲೇ ನಿರ್ಧರಿಸಿಟ್ಟಿರುತ್ತದೆ.

ಆದರೆ ಬರಿಯ ನಿಷೇಧದಿಂದ ದೇಹ ನಿಲ್ಲದು. ಏನನ್ನು ತಿನ್ನಬಾರದೆಂದು ವ್ರತ ಹೇಳಿತ್ತು. ಏನನ್ನು ತಿನ್ನಬೇಕೆಂಬುದನ್ನು ಅವರೇ ಕಲಿಯಬೇಕಿತ್ತು. ಸಸ್ಯಾಹಾರದ ಊಟಗೃಹವನ್ನು ಹುಡುಕುತ್ತ ಮೈಲಿಗಟ್ಟಲೆ ಅಲೆದು, ಒಂದು ದಿನ ಫ್ಯಾರಿಂಗ್‌ಡನ್ ಬೀದಿಯಲ್ಲಿ ಅದನ್ನು ಕಂಡರು. ಅಲ್ಲಿಯೇ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಅವರ ಸಸ್ಯಾಹಾರ ಸಮರ್ಥನೆಯ ಪುಸ್ತಕವನ್ನು ಒಂದು ಶಿಲಿಂಗ್ ಕೊಟ್ಟು ಕೊಂಡು, ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ತೃಪ್ತಿಯಾಗಿ ಉಂಡರು. ತಾಯಿಗಾಗಿ ಪಾಲಿಸುತ್ತಿದ್ದ ನಿಯಮವು ಆ ಪುಸ್ತಕವನ್ನು ಓದಿದ ಮೇಲೆ ಅವರ ಸ್ವಂತ ಆಯ್ಕೆಯಾಯಿತು.

ಮುಂದಿನದು ಕಲಿಕೆ. ಪಥ್ಯದಿಂದಲೇ ರೋಗಶಮನವೆಂದು ಪ್ರತಿಪಾದಿಸುತ್ತಿದ್ದ ಡಾಕ್ಟರ್ ಆಲಿನ್ಸನ್ ಅವರ ಬರಹಗಳನ್ನು ಓದಿದರು. ಊರಿನಿಂದ ಸಿಹಿ, ಮಸಾಲೆಗಳನ್ನು ತರಿಸುವುದನ್ನು ನಿಲ್ಲಿಸಿದರು. ಮೊದಲು ಸಪ್ಪೆಯೆನಿಸಿದ್ದ ಬೇಯಿಸಿದ ಸೊಪ್ಪು ಈಗ ರುಚಿಸತೊಡಗಿತು. ರುಚಿಯ ನೆಲೆ ನಾಲಗೆಯಲ್ಲ, ಮನಸ್ಸೆಂಬುದು ಅವರ ಅನುಭವಕ್ಕೆ ಬಂತು. ಜೈನರ ಬಾಹ್ಯತಪಗಳಲ್ಲಿ ಒಂದಾದ ರಸಪರಿತ್ಯಾಗದ ತಿರುಳೂ ಇದೇ. ಸಣ್ಣ ಕೋಣೆ ಹಿಡಿದು ಬೆಳಿಗ್ಗೆ ಓಟ್ಸ್ ಗಂಜಿಯನ್ನು ತಾವೇ ಬೇಯಿಸಿಕೊಂಡರು. ರಾತ್ರಿಗೆ ಬ್ರೆಡ್ಡು, ಕೋಕೋ. ದಿನದ ಆಹಾರದ ಖರ್ಚು ಒಂದು ಶಿಲಿಂಗ್ ಮೂರು ಪೆನ್ಸ್‌ಗೆ ಇಳಿಯಿತು. ಬಂಡಿಯ ಕಾಸು ಉಳಿಸಲು ದಿನಕ್ಕೆ 8-10 ಮೈಲಿ ನಡೆದರು. ಆ ನಡಿಗೆಯೇ ಕಾಯಿಲೆ ಹತ್ತಿರ ಸುಳಿಯದಂತೆ ಕಾಯಿತು.

ಎಡವಿದ್ದೂ ಉಂಟು. ಮೊಟ್ಟೆ ಮಾಂಸವಲ್ಲ, ಅದನ್ನು ತಿಂದರೆ ಯಾವ ಜೀವಿಗೂ ನೋವಿಲ್ಲ ಎಂಬ ವಾದಕ್ಕೆ ಮನಸೋತು ಅಲ್ಪಕಾಲ ಮೊಟ್ಟೆಯನ್ನು ಸೇವಿಸಿದರು. ಮಾಂಸವೆಂದರೆ ಏನೆಂಬುದಕ್ಕೆ ಆ ನಾಡಿನಲ್ಲಿ ಮೂರು ಬಗೆಯ ವ್ಯಾಖ್ಯಾನಗಳಿದ್ದವು. ಆದರೆ ಪ್ರತಿಜ್ಞೆಯನ್ನು ಪಡೆದ ತಾಯಿಯ ಮನಸ್ಸಿನಲ್ಲಿದ್ದ ಅರ್ಥವೇ ತಮಗೆ ಪ್ರಮಾಣವೆಂದು ಅವರು ಅರಿತು, ಮೊಟ್ಟೆಯನ್ನು ಬಿಟ್ಟರು. ಮೊಟ್ಟೆ ಬೆರೆಸಿದ ಕೇಕು, ಕಡುಬುಗಳೂ ದೂರವಾದವು. ಸಸ್ಯಾಹಾರದ ಊಟಗೃಹದಲ್ಲಿಯೂ ಪ್ರತಿಯೊಂದನ್ನೂ ವಿಚಾರಿಸಿಯೇ ತಿನ್ನುವಂತಾಯಿತು. ತಪ್ಪಿದ ಹೆಜ್ಜೆಯನ್ನು ತಾನೇ ಕಂಡು ಹಿಂದಿರುಗುವುದನ್ನು ಜಿನಧರ್ಮ ಪ್ರತಿಕ್ರಮಣವೆಂದು ಕರೆಯುತ್ತದೆ.

ಹೋಬರ್ನ್ ಎಂಬ ದೊಡ್ಡ ಊಟಗೃಹವೊಂದು ಅವರ ಬೆಳವಣಿಗೆಗೆ ಸಾಕ್ಷಿಯಾಗಿದೆ. ಮೊದಲೊಮ್ಮೆ ಸ್ನೇಹಿತರು ಅಲ್ಲಿಗೆ ಊಟಕ್ಕೆ ಕರೆದೊಯ್ದಾಗ, ಸೂಪಿನಲ್ಲಿ ಮಾಂಸವಿದೆಯೇ ಎಂದು ವಿಚಾರಿಸಲು ಪರಿಚಾರಕನನ್ನು ಕರೆದದ್ದಕ್ಕೆ ಅವರ ಕೋಪಕ್ಕೆ ಗುರಿಯಾಗಿ ಹೊರಗೆದ್ದು ಹೋದರು. ಹತ್ತಿರದ ಸಸ್ಯಾಹಾರದ ಊಟಗೃಹ ಮುಚ್ಚಿತ್ತು. ಆ ರಾತ್ರಿ ಉಪವಾಸವಾಯಿತು. 1891ರಲ್ಲಿ ಸ್ವದೇಶಕ್ಕೆ ಹೊರಡುವಾಗ ಅದೇ ಹೋಬರ್ನ್‌ನಲ್ಲಿ, ವ್ಯವಸ್ಥಾಪಕರೊಡನೆ ಮೊದಲೇ ಮಾತನಾಡಿ, ಶುದ್ಧ ಸಸ್ಯಾಹಾರದ ಬೀಳ್ಕೊಡುಗೆಯ ಭೋಜನವನ್ನು ಗೆಳೆಯರಿಗೆ ಏರ್ಪಡಿಸಿದರು. ಆ ವೇಳೆಗೆ ಅವರು ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಸಮಿತಿಯ ಸದಸ್ಯರಾಗಿದ್ದರು.

ಮುಂಬಯಿಗೆ ಬಂದಿಳಿದಾಗ ಕಾದಿದ್ದದ್ದು ತಾಯಿಯ ಮರಣವಾರ್ತೆ. ಮಾತನ್ನು ಉಳಿಸಿಕೊಂಡೆನೆಂದು ಹೇಳಿಕೊಳ್ಳಲು ಆ ಜೀವವೇ ಉಳಿದಿರಲಿಲ್ಲ. ಅಲ್ಲಿ ಪರಿಚಯವಾದ ಜೈನ ಸಾಧಕ ರಾಯಚಂದಭಾಯಿ ಮುಂದೆ ಅವರ ಆತ್ಮಚಿಂತನೆಗೆ ಆಸರೆಯಾದರು. ಅದೇ ನಗರದಲ್ಲಿ ಗಾಂಧೀಜಿಯವರ ಆಹಾರಪ್ರಯೋಗಗಳಿಗೆ ಜೊತೆಯಾದವರು, 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಜಿನಧರ್ಮವನ್ನು ಪ್ರತಿನಿಧಿಸಿದ ವೀರಚಂದ ಗಾಂಧಿ.

ಇಂದು ನಮ್ಮ ಮಕ್ಕಳೂ ಓದಿಗಾಗಿ, ಉದ್ಯೋಗಕ್ಕಾಗಿ ಕಡಲಾಚೆ ಹೋಗುತ್ತಿದ್ದಾರೆ. ಅವರ ಪೆಟ್ಟಿಗೆಯಲ್ಲಿ ಹಪ್ಪಳ, ಚಟ್ನಿಪುಡಿಗಳನ್ನು ತುಂಬಿದರೆ ಕೆಲವು ವಾರ ಸಾಗುತ್ತದೆ. ಅಲ್ಲಿಯ ಧಾನ್ಯ, ಸೊಪ್ಪು, ಹಣ್ಣುಗಳಿಂದ ಅಡುಗೆ ಮಾಡಿಕೊಳ್ಳುವ ವಿದ್ಯೆ, ಸಂಕೋಚವಿಲ್ಲದೆ ವಿಚಾರಿಸಿ ತಿನ್ನುವ ಧೈರ್ಯ, ನಾಲಗೆಯ ಮೇಲೆ ಹಿಡಿತ ಇವಿದ್ದರೆ ವರ್ಷಗಳೇ ಸಾಗುತ್ತವೆ. ತ್ಯಾಗವು ತಿಳಿವಳಿಕೆಯನ್ನು ಕೂಡಿಕೊಂಡಾಗ ಧರ್ಮವೂ ಉಳಿಯುತ್ತದೆ, ದೇಹವೂ ಉಳಿಯುತ್ತದೆ.