ಭದ್ರಾವತಿ ಕಾರ್ಖಾನೆ ನಷ್ಟದಲ್ಲಿದ್ದಾಗ ಮರಳಿ ಬಂದಿದ್ದರು ಸರ್ ಎಂವಿ

ಸರ್ ಎಂ. ವಿಶ್ವೇಶ್ವರಯ್ಯ ಎಂದರೆ ಥಟ್ಟನೆ ನೆನಪಾಗುವುದು ಕನ್ನಂಬಾಡಿ ಕಟ್ಟೆ. ಪುಣೆಯವರಿಗೆ ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟುಗಳು, ಹೈದರಾಬಾದಿನವರಿಗೆ 1908ರ ಮೂಸಿ ಪ್ರವಾಹದ ನಂತರ ಅವರು ರೂಪಿಸಿದ ನೆರೆ ತಡೆ ಯೋಜನೆ. ಶಿವಮೊಗ್ಗ ಜಿಲ್ಲೆಯ ಒಂದು ಕಬ್ಬಿಣದ ಕಾರ್ಖಾನೆಗಾಗಿ ಅವರು ಆರು ವರ್ಷ ದುಡಿದಿದ್ದನ್ನು ನೆನೆಯುವವರು ಕಡಿಮೆ.

ಹುಟ್ಟೂರು ಚಿಕ್ಕಬಳ್ಳಾಪುರ ಬಳಿಯ ಮುದ್ದೇನಹಳ್ಳಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಎಂಜಿನಿಯರಿಂಗ್. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರಾದರು.

ಆಗ ಬೆಂಕಿಪುರ ಎಂಬ ಹೆಸರೂ ಇದ್ದ ಭದ್ರಾವತಿಯಲ್ಲಿ ಕಬ್ಬಿಣ ತಯಾರಿಸುವ ಯೋಜನೆ ರೂಪುಗೊಂಡಿದ್ದು ಅವರ ಕಾಲದಲ್ಲೇ. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುತ್ತ ಕಾಡಿತ್ತು, ಪಕ್ಕದಲ್ಲೇ ಭದ್ರಾ ನದಿ ಹರಿಯುತ್ತಿತ್ತು. ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಕಟ್ಟಿಗೆಯ ಇದ್ದಿಲಿನಿಂದಲೇ ಅದಿರು ಕರಗಿಸುವುದೆಂದು ತೀರ್ಮಾನವಾಯಿತು. ಆದರೆ ಕಾರ್ಖಾನೆ ಏಳುವ ಮೊದಲೇ ಅವರು ದಿವಾನಗಿರಿ ಬಿಟ್ಟರು.

1923ರ ಜನವರಿಯಲ್ಲಿ ಕುಲುಮೆ ಹೊತ್ತಿಕೊಂಡಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಜನರ ದುಡ್ಡು ಪೋಲಾಯಿತೆಂಬ ಟೀಕೆ ಎದ್ದಿತು. ಸರ್ಕಾರ ಮತ್ತೆ ವಿಶ್ವೇಶ್ವರಯ್ಯನವರ ಮೊರೆ ಹೋಯಿತು. 60 ದಾಟಿದ್ದ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾದರು. ತಾವೇ ಹಾಕಿದ ಯೋಜನೆ ಸೋಲುತ್ತಿದ್ದಾಗ ಅದರ ಲೆಕ್ಕಪುಸ್ತಕ ಹಿಡಿದು ಕೂರುವುದು ಸುಲಭದ ಒಪ್ಪಿಗೆಯೇನಲ್ಲ.

ಅವರು ವೆಚ್ಚಕ್ಕೆ ಕತ್ತರಿ ಹಾಕಿದರು. ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿನ ಯುವಕರನ್ನು ತರಬೇತು ಮಾಡಿ ತಂದರು. ಕಟ್ಟಿಗೆಯನ್ನು ಇದ್ದಿಲಾಗಿಸುವಾಗ ಹೊರಬರುವ ಹೊಗೆಯೂ ವ್ಯರ್ಥವಾಗುತ್ತಿರಲಿಲ್ಲ, ಅದರಿಂದ ಸ್ಪಿರಿಟ್ ಮತ್ತು ಟಾರ್ ಸಿಗುತ್ತಿತ್ತು. ಕಬ್ಬಿಣವನ್ನು ಗಟ್ಟಿಯಾಗಿಯೇ ಮಾರುವ ಬದಲು ಪೈಪುಗಳಾಗಿ ಎರಕ ಹೊಯ್ಯುವ ಘಟಕವೂ ಬಂತು. 1929ರಲ್ಲಿ ಅವರು ಹೊರಬರುವ ಹೊತ್ತಿಗೆ ಕಾರ್ಖಾನೆ ಚೇತರಿಸಿಕೊಂಡಿತ್ತು. ಈ ಕೆಲಸಕ್ಕೆ ಸಂದ ಹಣವನ್ನು ಅವರು ಬೆಂಗಳೂರಿನಲ್ಲಿ ವೃತ್ತಿ ತರಬೇತಿ ಸಂಸ್ಥೆ ಆರಂಭಿಸಲು ಕೊಟ್ಟರು. ಅದೇ ಇಂದಿನ ಎಸ್‌ಜೆ ಪಾಲಿಟೆಕ್ನಿಕ್.

ಮುಂದೆ ಭದ್ರಾವತಿಗೆ ಉಕ್ಕು, ಸಿಮೆಂಟ್, ಕಾಗದದ ಕಾರ್ಖಾನೆಗಳು ಬಂದವು. 1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತ ರತ್ನ ಸಂದಿತು. 1962ರಲ್ಲಿ ಅವರು ತೀರಿಕೊಂಡ ಮೇಲೆ ಉಕ್ಕಿನ ಕಾರ್ಖಾನೆಗೆ ಅವರ ಹೆಸರೇ ಬಂತು. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು.

ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕುಲುಮೆ ಹೊತ್ತಿ ಸರಿಯಾಗಿ 100 ವರ್ಷವಾಗಿದ್ದ ತಿಂಗಳದು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ವರ್ಷದ ಆಗಸ್ಟ್‌ನಲ್ಲಿ, ಹೊರಗಿನಿಂದ ತಂದ ಉಕ್ಕಿನಿಂದ ಸರಳು ಎಳೆಯುವ ವಿಭಾಗವಷ್ಟೇ ಮತ್ತೆ ಚಾಲೂ ಆಯಿತು.