ಅಬ್ದುಲ್ ಮಲಿಕ್ ಇಬ್ನ್ ಮರ್ವಾನ್: ದಿರ್ಹಮಿಗೆ ತೂಕ ಕೊಟ್ಟ ಖಲೀಫ

ಮುಸ್ಲಿಮರ ವಿವಾಹದಲ್ಲಿ ವರನು ವಧುವಿಗೆ ಸಲ್ಲಿಸಬೇಕಾದ ಧನಕ್ಕೆ ಮಹರ್ ಎಂದು ಹೆಸರು. ವರದಕ್ಷಿಣೆಗೆ ಇದು ತದ್ವಿರುದ್ಧವಾದುದು. ಕೊಡುವವನು ವರ, ಪಡೆಯುವವಳು ವಧು. ಆ ಧನ ಆಕೆಯದೇ ಹೊರತು ಆಕೆಯ ತವರಿನವರದಲ್ಲ. ಕೊಡದೆ ಉಳಿದರೆ ಅದು ಗಂಡನ ಮೇಲಿನ ಸಾಲ. ಅವನು ತೀರಿಕೊಂಡರೆ ಆಸ್ತಿ ಹಂಚುವ ಮುನ್ನ ತೀರಿಸಬೇಕಾದ ಸಾಲ. ಕೆಲವು ಕುಟುಂಬಗಳು ಇಂದಿಗೂ ಮಹರನ್ನು ರೂಪಾಯಿಯಲ್ಲಿ ಹೇಳದೆ, ಪ್ರವಾದಿ ಮುಹಮ್ಮದರ ಪುತ್ರಿ ಫಾತಿಮಾ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ 500 ದಿರ್ಹಮ್ ಬೆಳ್ಳಿಯೆಂದು ನಿಶ್ಚಯಿಸುತ್ತವೆ.

ಆ ದಿರ್ಹಮ್ ಎಷ್ಟು ಗ್ರಾಂ? ವೈದ್ಯನಾದ ನನಗೆ ಇಂತಹ ಪ್ರಶ್ನೆಗಳಲ್ಲಿ ಕುತೂಹಲ ಸಹಜ. ಔಷಧ ತೂಗಲು ಬಳಸುತ್ತಿದ್ದ ಹಳೆಯ ಇಂಗ್ಲಿಷ್ ಅಳತೆಯಾದ ಡ್ರಾಮ್ 3.89 ಗ್ರಾಂ, ಅದೂ ದಿರ್ಹಮೂ ಗ್ರೀಕರ ದ್ರಾಖ್ಮೆ ಎಂಬ ಒಂದೇ ಪದದಿಂದ ಬಂದವು. ಆದರೆ ಹೆಸರಿನ ನಂಟನ್ನು ನಂಬಿ ತೂಗಿದರೆ ಲೆಕ್ಕ ಕೆಡುತ್ತದೆ. ಸರಿಯಾದ ತೂಕವನ್ನು ಅರಸಿ ಹೊರಟವರು ಏಳನೆಯ ಶತಮಾನದ ಡಮಾಸ್ಕಸ್ ನಗರಕ್ಕೆ, ಖಲೀಫ ಅಬ್ದುಲ್ ಮಲಿಕನ ಬಳಿಗೆ ಹೋಗಬೇಕಾಗುತ್ತದೆ.

ಅವನು ಹುಟ್ಟಿದ್ದು ಸುಮಾರು ಕ್ರಿ.ಶ. 646ರಲ್ಲಿ, ಮದೀನಾದಲ್ಲಿ. ಹತ್ತು ವರ್ಷದ ಬಾಲಕನಾಗಿದ್ದಾಗ ಅದೇ ಊರಿನಲ್ಲಿ ಖಲೀಫ ಉಸ್ಮಾನರ ಹತ್ಯೆಯಾಯಿತು. ಯೌವನದಲ್ಲಿ ಅವನು ಧರ್ಮಶಾಸ್ತ್ರದ ಅಭ್ಯಾಸಿ. ಮದೀನಾದ ವಿದ್ವಾಂಸರ ಸಾಲಿನಲ್ಲಿ ಅವನ ಹೆಸರೂ ಸೇರಿತ್ತು. 683ರಲ್ಲಿ ಊರಿನವರು ಉಮಯ್ಯದ್ ಮನೆತನದವರನ್ನು ಹೊರದಬ್ಬಿದರು. ಮರುವರ್ಷ ತಂದೆ ಮರ್ವಾನ್ ಸಿರಿಯಾದಲ್ಲಿ ಖಲೀಫನಾದ. 685ರಲ್ಲಿ ಅವನು ತೀರಿಕೊಂಡಾಗ ಮಗನ ಕೈಗೆ ಬಂದದ್ದು ಒಡೆದ ರಾಜ್ಯ. ಮಕ್ಕಾದಲ್ಲಿ ಅಬ್ದುಲ್ಲಾ ಇಬ್ನ್ ಜುಬೈರ್ ಪ್ರತಿಸ್ಪರ್ಧಿ ಖಲೀಫನಾಗಿದ್ದ, ಇರಾಕ್ ಕೈತಪ್ಪಿತ್ತು, ಬೈಜಾಂಟಿಯಂ ಚಕ್ರವರ್ತಿಗೆ ಕಪ್ಪ ಕೊಟ್ಟು ಗಡಿಯನ್ನು ಶಾಂತವಾಗಿಡಬೇಕಿತ್ತು.

ಅವನ ಕ್ರೌರ್ಯವನ್ನು ಮರೆಮಾಚಿ ಬರೆಯಲಾರೆ. ದಂಗೆಯೆದ್ದ ದಾಯಾದಿ ಅಮ್ರ್ ಇಬ್ನ್ ಸಯೀದನಿಗೆ ಅಭಯವಿತ್ತು, ಬಳಿಕ ಕೊಂದ. 691ರಲ್ಲಿ ಇರಾಕನ್ನು ಗೆದ್ದ. ಮರುವರ್ಷ ಅವನ ಸೇನಾನಿ ಹಜ್ಜಾಜ್ ಮಕ್ಕಾಕ್ಕೆ ಮುತ್ತಿಗೆ ಹಾಕಿ, ಪವಿತ್ರ ನಗರದ ಮೇಲೆ ಕವಣೆಯಂತ್ರಗಳಿಂದ ಕಲ್ಲೆಸೆದು ಇಬ್ನ್ ಜುಬೈರನನ್ನು ಕೊಂದ. ಜೆರುಸಲೇಮಿನ ಶಿಲಾಗುಮ್ಮಟದ ಶಾಸನದಲ್ಲಿರುವ ಹಿಜರಿ 72 ಕೂಡ ಇದೇ ಕಾಲದ್ದು. ಜಿಪುಣತನಕ್ಕಾಗಿ ಅವನನ್ನು ಕಲ್ಲಿನ ಬೆವರೆಂದೂ, ಬಾಯಿಯ ದುರ್ಗಂಧಕ್ಕಾಗಿ ನೊಣಗಳ ತಂದೆಯೆಂದೂ ಹಳಿಯುತ್ತಿದ್ದರಂತೆ. ವಸಡಿನ ರೋಗವಿದ್ದಿರಬಹುದೆಂಬುದು ನನ್ನ ಊಹೆ. ಹಗೆಗಳ ನಾಲಗೆಯ ಕೆಲಸವೂ ಆಗಿರಬಹುದು.

ರಾಜ್ಯ ಒಂದಾಯಿತು, ನಾಣ್ಯ ಒಂದಾಗಿರಲಿಲ್ಲ. ಸಿರಿಯಾ, ಈಜಿಪ್ಟ್‌ಗಳಲ್ಲಿ ಬೈಜಾಂಟಿಯಂನ ಸುಮಾರು 4.5 ಗ್ರಾಂ ಚಿನ್ನದ ನಾಣ್ಯ. ಇರಾಕ್, ಇರಾನ್‌ಗಳಲ್ಲಿ ಸಸಾನಿ ದೊರೆಗಳ ಮುಖವಿದ್ದ, ಸುಮಾರು 4 ಗ್ರಾಂ ತೂಗುವ ಬೆಳ್ಳಿ. ಹಗುರವಾದುವೂ ಸವೆದುವೂ ಜೊತೆಗೇ ಓಡಾಡುತ್ತಿದ್ದವು. ಅಬ್ದುಲ್ ಮಲಿಕ್ ಮೊದಲು ಖಡ್ಗಧಾರಿಯಾಗಿ ನಿಂತ ಖಲೀಫನ ಚಿತ್ರವಿರುವ ದೀನಾರನ್ನು ಟಂಕಿಸಿದ. ಹಿಜರಿ 77ರಲ್ಲಿ, ಅಂದರೆ 696-97ರಲ್ಲಿ, ಚಿತ್ರವನ್ನೇ ಕೈಬಿಟ್ಟು ಅರಬಿ ಅಕ್ಷರಗಳಷ್ಟೇ ಇರುವ ದೀನಾರನ್ನು ಹೊರಡಿಸಿದ. ಅದರ ತೂಕ 4.25 ಗ್ರಾಂ. ಹಿಜರಿ 79ರಿಂದ ಬೆಳ್ಳಿಯ ದಿರ್ಹಮೂ ಅದೇ ರೂಪ ತಾಳಿತು.

ಇವೆರಡರ ನಡುವಿನ ಅನುಪಾತವೇ ಮುಖ್ಯ: ಹತ್ತು ದಿರ್ಹಮಿನ ತೂಕ ಏಳು ದೀನಾರಿನ ತೂಕಕ್ಕೆ ಸಮ. ಹಳೆಯ ದಿರ್ಹಮುಗಳು 20, 12, 10 ಕಿರಾತ್ ತೂಗುತ್ತಿದ್ದುವೆಂದೂ, ಮೂರನ್ನೂ ಕೂಡಿಸಿ ಸರಾಸರಿ ತೆಗೆದು 14 ಕಿರಾತ್ ಎಂದು ಗೊತ್ತುಮಾಡಿದರೆಂದೂ ಪರಂಪರೆ ಹೇಳುತ್ತದೆ. ದೀನಾರ್ 20 ಕಿರಾತ್ ಆದ್ದರಿಂದ ಲೆಕ್ಕ ಹೊಂದುತ್ತದೆ. ಇದನ್ನು ಕೆಲವರು ಖಲೀಫ ಉಮರರಿಗೆ, ಕೆಲವರು ಅಬ್ದುಲ್ ಮಲಿಕನಿಗೆ ಸಲ್ಲಿಸುತ್ತಾರೆ. ಪ್ರವಾದಿಯವರ ಕಾಲದ ಮಹರಿಗೆ ಆಮೇಲಿನ ಖಲೀಫನ ತೂಕವೇಕೆ ಎಂಬ ಆಕ್ಷೇಪಕ್ಕೆ ಇಬ್ನ್ ಖಲ್ದೂನನ ಉತ್ತರ ನನಗೆ ಒಪ್ಪಿತ. ಶಾಸ್ತ್ರದ ತೂಕ ಮೊದಲಿನಿಂದಲೂ ತಿಳಿದಿತ್ತು, ಅಬ್ದುಲ್ ಮಲಿಕ್ ಅದಕ್ಕೆ ನಾಣ್ಯದ ರೂಪವನ್ನು ಕೊಟ್ಟನೆಂದು ಅವನ ವಾದ.

ಸುಮೈರ್ ಎಂಬ ಯಹೂದಿ ಟಂಕಸಾಲಿಗನ ಪ್ರಸಂಗವನ್ನು ಅರಬಿ ಇತಿಹಾಸಕಾರರು ಹೇಳುತ್ತಾರೆ. ಹಜ್ಜಾಜನ ಕೋಪಕ್ಕೆ ಸಿಕ್ಕಿದ ಅವನು ಪ್ರಾಣ ಉಳಿಸಿಕೊಳ್ಳಲು ಜನರಿಗೆ ತೂಕದ ಬಟ್ಟುಗಳನ್ನು ಮಾಡಿಕೊಟ್ಟನಂತೆ. ಅಲ್ಲಿಯವರೆಗೆ ಒಂದು ನಾಣ್ಯವನ್ನು ಇನ್ನೊಂದರ ಎದುರಿಟ್ಟು ತೂಗುತ್ತಿದ್ದರು.

ಅಬ್ದುಲ್ ಮಲಿಕ್ 705ರಲ್ಲಿ ತೀರಿಕೊಂಡ. ಅವನ ನಾಲ್ವರು ಮಕ್ಕಳು ಖಲೀಫರಾದರು.

ಧರ್ಮಶಾಸ್ತ್ರಜ್ಞರು ದೀನಾರಿನ ತೂಕವನ್ನು ಜವೆಗೋಧಿಯ ಕಾಳುಗಳಲ್ಲಿ ಬರೆದಿಟ್ಟರು. ಒಂದು ಪಂಥಕ್ಕೆ ಅದು 72 ಕಾಳು, ಹನಫಿಗಳಿಗೆ 100. ಕಾಳು ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಹಿಜರಿ 77ರ ದೀನಾರನ್ನು ಇಂದಿಗೂ ತಕ್ಕಡಿಯಲ್ಲಿಡಬಹುದು. ಈಜಿಪ್ಟಿನಲ್ಲಿ ದೊರೆತ ಉಮಯ್ಯದ್ ಕಾಲದ ಗಾಜಿನ ಬಟ್ಟುಗಳೂ ಅದಕ್ಕೆ ಹೊಂದುತ್ತವೆ. ಬೆಳ್ಳಿಯ ನಾಣ್ಯಗಳು ತುಸು ಹಗುರವಾಗಿ ಸಿಗುವುದರಿಂದ ದಿರ್ಹಮನ್ನು ಚಿನ್ನದಿಂದಲೇ ಲೆಕ್ಕ ಹಾಕುತ್ತಾರೆ: 4.25ರ ಹತ್ತರಲ್ಲಿ ಏಳು ಪಾಲು, ಅಂದರೆ 2.975 ಗ್ರಾಂ. ಐನೂರು ದಿರ್ಹಮಿಗೆ 1487.5 ಗ್ರಾಂ ಬೆಳ್ಳಿ.

ಭಾರತದ ಹನಫಿ ವಿದ್ವಾಂಸರಲ್ಲಿ ರೂಢಿಯಾಗಿರುವ ಲೆಕ್ಕ ಬೇರೆ. ಅವರ ದೀನಾರ್ ನಾಲ್ಕೂವರೆ ಮಾಷ, ಅಂದರೆ 4.374 ಗ್ರಾಂ, ದಿರ್ಹಮ್ 3.0618 ಗ್ರಾಂ. 500 ದಿರ್ಹಮಿಗೆ 131.25 ತೊಲ, ಅಂದರೆ 1530.9 ಗ್ರಾಂ. ಈ ತೊಲವನ್ನು 180 ಗ್ರೇನ್ ಎಂದು ಗೊತ್ತುಮಾಡಿದ್ದು 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿ. ವ್ಯತ್ಯಾಸ 43 ಗ್ರಾಂ ಚಿಲ್ಲರೆ. ಫಾತಿಮಾ ಅವರ ಮಹರ್ 400 ಮಿಸ್ಕಾಲ್ ಬೆಳ್ಳಿಯೆಂಬ ವರದಿಯನ್ನು ಹಿಡಿದರೆ 150 ತೊಲವಾಗುತ್ತದೆ. ಹನಫಿಗಳ ಕನಿಷ್ಠ ಮಹರ್ ಹತ್ತು ದಿರ್ಹಮ್ ಒಂದು ಲೆಕ್ಕದಲ್ಲಿ 29.75 ಗ್ರಾಂ, ಇನ್ನೊಂದರಲ್ಲಿ 30.618. ಶಾಫಿಗಳಲ್ಲಿ ಕನಿಷ್ಠದ ಕಟ್ಟಳೆಯೇ ಇಲ್ಲ. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಬಹುಪಾಲು ಈ ಪಂಥದವರು.

ಇತಿಹಾಸದ ದೃಷ್ಟಿಯಿಂದ ನನಗೆ ನಾಣ್ಯದ ತೂಕವೇ ಹೆಚ್ಚು ನಂಬಲರ್ಹ. ಆದರೆ ಬಾಕಿ ತೀರಿಸುವವನು ತನ್ನ ಮನೆತನ ಅನುಸರಿಸುತ್ತ ಬಂದ ತೊಲದ ಲೆಕ್ಕವನ್ನು ಬಿಟ್ಟು, ಸಾಲ ಹಗುರವಾಗುವುದೆಂಬ ಒಂದೇ ಕಾರಣಕ್ಕೆ ಡಮಾಸ್ಕಸ್‌ನ ಲೆಕ್ಕಕ್ಕೆ ಹಾರುವುದನ್ನು ಒಪ್ಪಲಾರೆ. ಆ 43 ಗ್ರಾಂ ಪತ್ನಿಯ ಸ್ವತ್ತು. ದುಬೈ, ಅಬುಧಾಬಿಗಳಲ್ಲಿರುವ ನಮ್ಮವರಿಗೆ ಇನ್ನೊಂದು ತೊಡಕಿದೆ. ಅಲ್ಲಿಯ ಚಲಾವಣೆಯ ಹಣಕ್ಕೂ ದಿರ್ಹಮ್ ಎಂದೇ ಹೆಸರು. ನಿಕಾಹ್ ಪತ್ರದಲ್ಲಿ 500 ದಿರ್ಹಮ್ ಎಂದಷ್ಟೇ ಇದ್ದರೆ ಐನೂರರ ಒಂದು ನೋಟನ್ನು ಕೊಟ್ಟು ಋಣ ತೀರಿತೆನ್ನಲು ಎಡೆಯಾಗುತ್ತದೆ. ಸಂಖ್ಯೆಯ ಪಕ್ಕದಲ್ಲಿ ಬೆಳ್ಳಿಯೆಂದೂ ಇಷ್ಟು ಗ್ರಾಂ ಎಂದೂ ಸಹಿಗೆ ಮುನ್ನವೇ ಬರೆಸಬೇಕು.