ದೊಡ್ಡ ಸ್ವಾಮಿಯವರ ಲೆಕ್ಕ



ತಿಂಗಳ ಕೊನೆಯಲ್ಲಿ ನೀವು ಮನೆಯ ಖರ್ಚಿನ ಲೆಕ್ಕ ಬರೆಯುತ್ತೀರಿ. ಹಾಲಿಗೆಷ್ಟು, ಅಕ್ಕಿಗೆಷ್ಟು, ಮಕ್ಕಳ ಶಾಲೆಗೆಷ್ಟು ಎಂದು. ಬಾಳಿನ ಲೆಕ್ಕವನ್ನೂ ಹೀಗೆಯೇ ಬರೆಯಲು ಹೊರಡುತ್ತೇವೆ. ಇಷ್ಟು ವರ್ಷ ದುಡಿದೆ, ಉಳಿದದ್ದೇನು? ಮಕ್ಕಳಿಗೆ ಜಪ ಕಲಿಸಿದೆ, ಇಂದು ಅವರು ಪೂಜೆಗೆ ಬರುತ್ತಾರೆಯೇ? ಕೂಡಿ ಕಳೆದು ಕೊನೆಗೆ ಸೊನ್ನೆ ಕಂಡು ಎಷ್ಟೋ ತಾಯಂದಿರು, ಉಪದೇಶಿಗಳು, ಗುರುಗಳು ಸಹ ಕುಗ್ಗಿಹೋಗುತ್ತಾರೆ. ಹೀಗೆ ಲೆಕ್ಕ ಹಾಕಿ ನಿರಾಶರಾದ ಗುರುವೊಬ್ಬರು 200 ವರ್ಷಗಳ ಹಿಂದೆ ನಮ್ಮ ನಾಡಿನಲ್ಲೇ ಇದ್ದರು. ಅವರೇ ಅಬ್ಬೆ ದುಬುವಾ.

ಫ್ರಾನ್ಸ್ ದೇಶದ ಹಳ್ಳಿಯೊಂದರಲ್ಲಿ 1760ರ ದಶಕದಲ್ಲಿ ಹುಟ್ಟಿದ ಜಾನ್ ಅಂತ್ವಾನ್ ದುಬುವಾ 1792ರಲ್ಲಿ ಗುರುದೀಕ್ಷೆ ಪಡೆದರು. ಆಗ ಆ ದೇಶದಲ್ಲಿ ಕ್ರಾಂತಿಯ ಬಿರುಗಾಳಿ. ಗುರುಗಳಿಗೆ ಪ್ರಾಣಭಯವಿದ್ದ ಕಾಲ. ಪ್ಯಾರಿಸ್ಸಿನ ವಿದೇಶಿ ಪ್ರೇಷಿತ ಸಭೆಯ ಪರವಾಗಿ ಅವರು ಅದೇ ವರ್ಷ ಭಾರತದತ್ತ ಹೊರಟರು. ಕೆಲವು ವರ್ಷ ತಮಿಳು ನಾಡಿನ ಭಾಗಗಳಲ್ಲಿ ದುಡಿದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರಿಗೆ ಮೈಸೂರು ಸೀಮೆಯ ಕರೆ ಬಂತು. ನಮ್ಮ ಚನ್ನಪಟ್ಟಣದಿಂದ ಮದ್ದೂರು, ಮಂಡ್ಯ ದಾಟಿ ಹೋದರೆ ಸಿಗುವ ಅದೇ ಊರು. 1784ರಲ್ಲಿ ಕೆನರಾ ಕರಾವಳಿಯಿಂದ ಸಾವಿರಾರು ಕ್ರೈಸ್ತರನ್ನು ಸೆರೆಯಾಳುಗಳಾಗಿ ಅಲ್ಲಿಗೆ ಸಾಗಿಸಲಾಗಿತ್ತು. ಬಲವಂತಕ್ಕೆ ಮಣಿದು ವಿಶ್ವಾಸ ತೊರೆದವರೂ ಇದ್ದರು. ಮರಳಿ ಬರಬಯಸಿದವರನ್ನು ಈ ಗುರು ಸಭೆಗೆ ಸೇರಿಸಿಕೊಂಡರು. ಹಾಸನದ ಕಡೆ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಜನರಂತೆಯೇ ಉಡುಗೆ ತೊಟ್ಟು, ತಲೆಗೆ ರುಮಾಲು ಸುತ್ತಿ, ಅವರು ಉಣ್ಣುವುದನ್ನೇ ಉಂಡರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು.

ಆ ದಿನಗಳಲ್ಲಿ ಸಿಡುಬು ಬಂದರೆ ಮನೆಗೆ ಮನೆಯೇ ಬರಿದಾಗುತ್ತಿತ್ತು. ಜೆನ್ನರ್ ಎಂಬ ವೈದ್ಯ ಇಂಗ್ಲೆಂಡಿನಲ್ಲಿ 1796ರಲ್ಲಿ ಪ್ರಯೋಗಿಸಿದ ದೇವಿ ಹಾಕುವ ವಿಧಾನ 1802ರಲ್ಲಿ ಮುಂಬಯಿಗೆ ತಲುಪಿತು. ದೊಡ್ಡ ಸ್ವಾಮಿಯವರು ಮೈಸೂರು ಸೀಮೆಯಲ್ಲಿ ಅದನ್ನು ಹರಡಲು ನಿಂತರು. 1803-04ರ ದಾಖಲೆಯಲ್ಲಿ ಲಸಿಕೆ ಪಡೆದವರ ಸಂಖ್ಯೆ 25,000ಕ್ಕೂ ಹೆಚ್ಚು.

ಇಂದಿನಂತೆ ಆಗ ಶೀತಪೆಟ್ಟಿಗೆ ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಎಂಟನೆಯ ದಿನದ ಹೊತ್ತಿಗೆ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಿತ್ತು. ಆ ಮಗುವಿನಿಂದ ಮತ್ತೊಂದಕ್ಕೆ. ನಡುವೆ ಒಂದು ಮನೆಯವರು ಹೆದರಿ ಹಿಂದೆ ಸರಿದರೆ ಸರಪಳಿ ಅಲ್ಲಿಗೇ ಕಡಿಯುತ್ತಿತ್ತು. ಸಿಡುಬನ್ನು ಅಮ್ಮನೆಂದು ಅಂಜುತ್ತಿದ್ದ ತಾಯಿಯ ಮುಂದೆ ನಿಂತು, ಅವಳ ಮಗುವಿನ ತೋಳನ್ನು ಕೇಳಬೇಕಾದರೆ ಎಷ್ಟು ನಂಬಿಕೆ ಗಳಿಸಿರಬೇಕು, ಯೋಚಿಸಿ ನೋಡಿ.

ಹಾಗೆಂದು ಅವರನ್ನು ದೋಷವಿಲ್ಲದ ಸಂತನೆಂದು ಚಿತ್ರಿಸಬೇಕಾಗಿಲ್ಲ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ಹೆಸರುವಾಸಿಯಾಯಿತು. ಅದರಲ್ಲಿ ಈ ನಾಡಿನ ಜನರ ಬಗ್ಗೆ ಕಟುವಾದ ಮಾತುಗಳಿವೆ. ಅದರ ಹೆಚ್ಚಿನ ಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕರ್ದು ಎಂಬುವರ ಹಸ್ತಪ್ರತಿಯಿಂದ ಬಂದದ್ದೆಂದು 1980ರ ದಶಕದಲ್ಲಿ ಸಂಶೋಧಕರು ತೋರಿಸಿಕೊಟ್ಟರು. ದೇವರು ಆರಿಸಿಕೊಳ್ಳುವುದು ಇಂತಹ ಮಣ್ಣಿನ ಪಾತ್ರೆಗಳನ್ನೇ ಅಲ್ಲವೇ?

1823ರಲ್ಲಿ ಅವರು ಭಾರತ ಬಿಟ್ಟರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ತಮ್ಮ ಬಾಳಿನ ಲೆಕ್ಕ ಒಪ್ಪಿಸಿದರು. ಇಷ್ಟು ವರ್ಷಗಳ ದುಡಿಮೆಗೆ ಇನ್ನೂರು ಮುನ್ನೂರು ಜನ ಮಾತ್ರ ಹೊಸದಾಗಿ ಕ್ರೈಸ್ತರಾದರು, ಅವರಲ್ಲೂ ಹೆಚ್ಚಿನವರು ಭಿಕ್ಷುಕರು, ದಿಕ್ಕಿಲ್ಲದವರು ಎಂದು ನೊಂದುಕೊಂಡರು. ಈ ದೇಶದಲ್ಲಿ ಶುಭಸಂದೇಶ ಬೇರೂರಲಾರದು ಎಂಬ ತೀರ್ಮಾನಕ್ಕೂ ಬಂದರು. ಮುಂದೆ ಪ್ಯಾರಿಸ್ಸಿನಲ್ಲಿ ತಮ್ಮ ಸಭೆಯ ಶ್ರೇಷ್ಠರಾಗಿದ್ದು, 1848ರ ಫೆಬ್ರವರಿ 17ರಂದು ತೀರಿಕೊಂಡರು.

ಓದುಗರೇ, ಆ ಲೆಕ್ಕದಲ್ಲಿ ಬಿಟ್ಟುಹೋದದ್ದನ್ನು ಗಮನಿಸಿದಿರಾ? ಭಿಕ್ಷುಕರನ್ನು ಅವರು ಕೊರತೆಯ ಕಡೆ ಬರೆದರು. ಪ್ರಭು ಯೇಸುವಾದರೋ ತಮ್ಮ ಔತಣಕ್ಕೆ ಬೀದಿಯಿಂದ ಕರೆಸಿಕೊಂಡದ್ದು ಅಂಥವರನ್ನೇ. ಸಿಡುಬಿನಿಂದ ಉಳಿದ ಮಕ್ಕಳು ಆ ಮತಾಂತರದ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಅವರು ತೀರಿಕೊಂಡ ಎರಡೇ ವರ್ಷಕ್ಕೆ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು. 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯವೂ ಹುಟ್ಟಿತು. ಇನ್ನು ಸಿಡುಬು? 1980ರಲ್ಲಿ ಅದು ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ಇದೆಲ್ಲವನ್ನೂ ನೋಡಲು ಅವರಿರಲಿಲ್ಲ.

ನಮ್ಮೂರಿನ ಗೊಂಬೆ ಕೆಲಸದವರನ್ನು ನೋಡಿ. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸಿ, ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಆ ಗೊಂಬೆ ಯಾವ ಊರಿನ ಯಾವ ಮಗುವಿನ ಕೈ ಸೇರುವುದೋ ಅವರಿಗೆ ತಿಳಿಯದು. ಆದರೂ ಹೊಳಪಿನಲ್ಲಿ ಕಡಿಮೆ ಮಾಡುವುದಿಲ್ಲ.

ವಿಶ್ವಾಸವೂ ಆ ದೇವಿ ಹಾಕುವ ಕೆಲಸದಂತೆಯೇ. ಅದು ಪೆಟ್ಟಿಗೆಯಲ್ಲಿ ಇಟ್ಟರೆ ಉಳಿಯುವುದಿಲ್ಲ, ತೋಳಿನಿಂದ ತೋಳಿಗೆ ಸಾಗಬೇಕು. ಅಜ್ಜಿ ಮೊಮ್ಮಗನ ಹಣೆಯ ಮೇಲೆ ಹಾಕುವ ಶಿಲುಬೆಯ ಗುರುತು, ಜಗಳವಾದ ನೆರೆಮನೆಗೆ ತಾಯಿ ಕಳುಹಿಸುವ ಹಬ್ಬದ ತಿಂಡಿ, ದಣಿದು ಬಂದ ತಂದೆ ಮಕ್ಕಳೊಡನೆ ಹೇಳುವ ಒಂದು ಜಪಮಾಲೆ, ಇವೇ ಆ ಸರಪಳಿಯ ಕೊಂಡಿಗಳು. ಮುಂದಿನ ಕೊಂಡಿ ಎಲ್ಲಿ ಬೆಸೆಯುವುದೋ ನಮಗೆ ಕಾಣದಿರಬಹುದು. ನಮ್ಮ ಪಾಲಿನದು ಕಡಿಯದಿದ್ದರೆ ಸಾಕು.

ಪೂಜೆಗೆ ಬಾರದ ಮಗನನ್ನು ನೆನೆದು ಕಣ್ಣೀರಿಡುವ ತಾಯೇ, ನಿನ್ನ ಲೆಕ್ಕವನ್ನು ಇಂದೇ ಮುಗಿಸಬೇಡ. ಇಂದು ರಾತ್ರಿ ಅವನ ಹೆಸರು ಹೇಳಿ ಪ್ರಾರ್ಥಿಸು, ನಾಳೆ ಅವನಿಗೆ ಬಿಸಿ ಊಟ ಬಡಿಸು. ಕೊನೆಯ ಪುಟವನ್ನು ಬರೆಯುವವರು ದೇವರು.